ಕದಗಣ್ಣಿಗೆ ಎಳೆದ ವಿಭೂತಿ

ಕದಶಕ ೮೮, ಆಶ್ವೀಜದ ನಲವತ್ತೊಂದನೆಯ ದಿನ
ಬರೆಯುವ ಕೋಣೆ, ಬೆಟಗೇರಿ

ದಾನೇಶ್ವರಿ ಆಯಿಯವರಿಗೆ ನಿಮ್ಮ ಮೊಮ್ಮಗಳ ಮೊಮ್ಮಗಳು ಫಕೀರವ್ವ ಹೊಂಬಳ ಮಾಡುವ ನಮಸ್ಕಾರಗಳು. ನೀವಿನ್ನೂ ಇಪ್ಪತ್ತಮೂರರ ಹುಡುಗಿ, ಮದುವೆಯ ಮಾತು ಬಂದರೆ ತಾಟು ಸರಿಸಿ ಎದ್ದು ಹೋಗುವವರು ಎಂದು ಮನೆಯಲ್ಲಿ ಹೇಳುವುದನ್ನು ಕೇಳಿದ್ದೇನೆ. ಐವತ್ತೆಂಟು ವರ್ಷದ, ಮಂಡಿನೋವಿನ ಹೆಂಗಸೊಬ್ಬಳು ನಿಮ್ಮನ್ನು ಆಯಿ ಎಂದು ಕರೆಯುತ್ತಿದ್ದಾಳೆಂದು ಸಿಟ್ಟಾಗಬೇಡಿ. ಬೇರೆ ಏನೆಂದು ಕರೆಯಲಿ? ನನ್ನ ಕೆಲವು ಮಾತುಗಳು ನಿಮಗೆ ಅರ್ಥವಾಗಲಿಕ್ಕಿಲ್ಲ. ಅದಕ್ಕೂ ಕ್ಷಮೆ ಇರಲಿ. ನಮ್ಮ ಕಾಲದಲ್ಲಿ ಹುಟ್ಟಿದ ಪದಗಳೆಲ್ಲ ಹೆದರಿಕೆಯಿಂದ ಹುಟ್ಟಿದವು, ಚೆಂದವಾಗಿ ಕೇಳಿಸುವುದಿಲ್ಲ.

ಮೇಲೆ ಬರೆದ ತಾರೀಖು ನನ್ನ ಕೈತಪ್ಪಲ್ಲ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ನೂರ ಅರವತ್ತಮೂರನೆಯ ಇಸವಿ. ಜನ ಸೇರುವ ಜಾಗಕ್ಕೆಲ್ಲ ತಪಾಸಣೆಯ ಕದ ಇರಲೇಬೇಕು ಎಂಬ ಕಾಯ್ದೆ ಬಂದ ವರ್ಷದಿಂದ ನಾವು ಹೊಸದಾಗಿ ಎಣಿಸುತ್ತೇವೆ, ಅದು ಕದಶಕ. ಇನ್ನು ನಲವತ್ತೊಂದನೆಯ ದಿನ ಹೇಗೆಂದರೆ, ಯಾವ ಊರಿನಲ್ಲಿ ಗುಂಡು ಹಾರುತ್ತದೆಯೋ ಆ ಊರನ್ನು ಕೆಲವು ದಿನ ಪೂರ್ತಿ ಮುಚ್ಚುತ್ತಾರೆ. ಅಂಗಡಿ ಇಲ್ಲ, ಶಾಲೆ ಇಲ್ಲ, ಹಾಲು ಕೂಡ ಗೋಡೆಯ ಕಿಂಡಿಯಿಂದ ಬರುತ್ತದೆ. ಆ ಮುಚ್ಚಿದ ದಿನಗಳನ್ನು ಕಚೇರಿಯವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ತಿಂಗಳ ಬಾಲಕ್ಕೆ ಅಂಟಿಸುತ್ತಾರೆ. ಈ ಸಲ ನಮಗೆ ಹನ್ನೊಂದು ದಿನ ಸಿಕ್ಕವು. ಪಕ್ಕದ ಊರಿನಲ್ಲಿ ಕಾರ್ತಿಕ ಬಂದು ದೀಪ ಹಚ್ಚಿದರು, ನಾವು ಇನ್ನೂ ಆಶ್ವೀಜದಲ್ಲಿಯೇ ಕುಳಿತಿದ್ದೇವೆ.

ನಾಳೆ ಹನ್ನೊಂದು ಗಂಟೆಗೆ ನನ್ನ ಗೆಳತಿ ಮಾಬುಬಿಯ ವಿಚಾರಣೆ. ದಸರೆಯ ದಿನ ಏಳನೆಯ ಅಂಗಳದಲ್ಲಿ ಗುಂಡಿಗೆ ಸತ್ತ ಒಂಬತ್ತು ಜನರ ಸಾವಿಗೆ ಅವಳು ಕೈಜೋಡಿಸಿದಳು ಎಂದು ಆರೋಪ. ಸಾಬೀತಾದರೆ ಹದಿನಾಲ್ಕು ವರ್ಷ. ಒಳಗೆ ಬರುವವರನ್ನು ನೋಡುವ ಕದದ ಕಣ್ಣನ್ನು ಅವಳೇ ಬೇಕೆಂದು ಮುಚ್ಚಿದಳು ಎನ್ನುತ್ತಾರೆ. ಮುಚ್ಚಿದವಳು ನಾನು. ಈ ಮಾತನ್ನು ತಿಂಗಳಾದರೂ ನಾನು ಮಾಬುಬಿಯೊಬ್ಬಳ ಹೊರತು ಯಾರಿಗೂ ಹೇಳಿಲ್ಲ. ನಾಳೆ ಹೇಳಿದರೆ ಮಾಬುಬಿ ಹೊರಗೆ, ನಾನು ಒಳಗೆ, ನನ್ನ ಮೊಮ್ಮಗಳು ನೀಲಿ ಬೀದಿಗೆ.

ಸಾಕ್ಷಿ ಹೇಳುವವರು ಹಿಂದಿನ ದಿನ ಈ ಕೋಣೆಯಲ್ಲಿ ಕುಳಿತು, ಸತ್ತುಹೋದ ತಮ್ಮ ಹಿರಿಯರಲ್ಲಿ ಒಬ್ಬರಿಗೆ ಪತ್ರ ಬರೆಯಬೇಕು. ಅದಕ್ಕೆ ಹಿಂದೋಲೆ ಎನ್ನುತ್ತಾರೆ. ಬದುಕಿರುವವರ ಮುಂದೆ ಸುಳ್ಳು ಹೇಳುವುದು ಸಲೀಸು, ಸತ್ತವರಿಗೆ ಸುಳ್ಳು ಬರೆಯಲು ಕೈ ಏಳುವುದಿಲ್ಲ ಎಂದು ಯಾರೋ ಜಾಣರು ಕಂಡುಕೊಂಡಿದ್ದಾರೆ. ಬರೆದದ್ದನ್ನು ನಾಳೆ ಮೇಜಿನ ಮೇಲೆ ಇಟ್ಟರೆ ಅದೇ ಹೇಳಿಕೆ. ಇಡಲು ಮನಸ್ಸಿಲ್ಲದಿದ್ದರೆ ಮನೆಗೆ ಒಯ್ದು ಒಲೆಗೆ ಹಾಕಬಹುದು, ಯಾರೂ ಕೇಳುವುದಿಲ್ಲ, ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಳ್ಳುತ್ತಾರೆ. ನನ್ನ ಅಕ್ಷರ ಇಷ್ಟು ದಪ್ಪ ಏಕೆಂದರೆ ಇಲ್ಲಿ ಪೆನ್ನು ಕೊಡುವುದಿಲ್ಲ, ಅದರ ಮೊನೆ ಚೂಪು. ಮಕ್ಕಳು ಬಣ್ಣ ಬಳಿಯುವಂಥ ಮೇಣದ ಕಡ್ಡಿ ಕೊಟ್ಟಿದ್ದಾರೆ. ಹಸಿರು ಬಣ್ಣದ್ದು.

ಅವ್ವನಿಗೂ ಬರೆಯಬಹುದಿತ್ತು. ಆದರೆ ಅವ್ವ ಓದುವ ಮೊದಲೇ ಅಳುವವಳು. ನಿಮ್ಮನ್ನು ಆರಿಸಿಕೊಂಡದ್ದು ಒಂದು ಫೋಟೋದಿಂದ. ಅದರಲ್ಲಿ ಇಪ್ಪತ್ತಮೂರರ ನೀವು ಹುಬ್ಬಳ್ಳಿಯ ಯಾವುದೋ ದೊಡ್ಡ ಅಂಗಡಿಯ ಮುಂದೆ ಖಾಕಿ ಅಂಗಿ ಹಾಕಿಕೊಂಡು ನಿಂತಿದ್ದೀರಿ, ನಾನು ಬರೆಯುತ್ತಿರುವುದು ಆ ಹುಡುಗಿಗೆ. ಬಗಲಲ್ಲಿ ನಿಮ್ಮ ಸ್ಕೂಟಿ, ಅದರ ದೀಪದ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಹ್ಯಾಂಡಲ್ಲಿಗೆ ಚೆಂಡು ಹೂವು. ಅಂದು ಆಯುಧಪೂಜೆ ಇರಬೇಕು. ಕೈಯಲ್ಲಿ ಕಪ್ಪು ಕೋಲೊಂದಿದೆ. ಅದನ್ನು ಹೆಂಗಸರ ಮೈಮೇಲೆ ಆಡಿಸಿ, ಪರದೆಯ ಹಿಂದೆ ಅವರ ಚೀಲ ನೋಡುವುದು ನಿಮ್ಮ ಕೆಲಸವಾಗಿತ್ತಂತೆ. ಕೋಲು ಎಲ್ಲರಿಗೂ ಕುಂಯ್ ಎನ್ನುತ್ತಿತ್ತು, ನೀವು ಎಲ್ಲರನ್ನೂ ನಕ್ಕು ಒಳಗೆ ಬಿಡುತ್ತಿದ್ದಿರಿ ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳಿ ನಗುತ್ತಾರೆ. ಕುಂಯ್ ಎಂದರೂ ನಗಬಹುದಾಗಿದ್ದ ಕಾಲ ಹೇಗಿತ್ತೋ ನನಗೆ ಊಹಿಸಲಿಕ್ಕೂ ಆಗುವುದಿಲ್ಲ. ನಮ್ಮ ಮನೆತನದಲ್ಲಿ ಬಾಗಿಲು ಕಾಯುವ ಕೆಲಸ ಹಿಡಿದವರಲ್ಲಿ ನೀವೇ ಮೊದಲಿಗರು.

ನಿಮ್ಮ ಕಾಲದಲ್ಲಿ ಬಂದೂಕು ಇಟ್ಟುಕೊಳ್ಳಬೇಕೆಂದರೆ ಪರವಾನಗಿಗಾಗಿ ಚಪ್ಪಲಿ ಸವೆಯುವಷ್ಟು ಅಡ್ಡಾಡಬೇಕಿತ್ತು, ಚುನಾವಣೆ ಬಂದರೆ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕಿತ್ತು ಎಂದು ಓದಿದ್ದೇನೆ. ಆಮೇಲೆ ಏನಾಯಿತೆಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಮೊದಲು ಹೊಲಕ್ಕೆ ಹಂದಿ ಬರುತ್ತವೆ ಎಂದು ಕೊಟ್ಟರು. ಆಮೇಲೆ ಒಂಟಿ ಮನೆಯವರಿಗೆ ಕೊಟ್ಟರು. ಆಮೇಲೆ ಪಕ್ಕದ ಮನೆಯಲ್ಲಿ ಇದೆಯಲ್ಲ, ನಮಗೇಕೆ ಇಲ್ಲ ಎಂದವರಿಗೂ ಕೊಟ್ಟರು. ಅಚ್ಚು ಹಾಕುವ ಯಂತ್ರಗಳಲ್ಲಿ ಮನೆಯಲ್ಲೇ ಮಾಡಿಕೊಳ್ಳುವವರೂ ಬಂದರು. ಎಲ್ಲೋ ಒಂದು ಕಡೆ ಯಾವನೋ ಗುಂಡು ಹಾರಿಸಿದಾಗ ಅಲ್ಲಿಗೊಂದು ಕದ ಬಂತು. ಕದ ಬಂದ ಮೇಲೆ ಜನರಿಗೆ ಧೈರ್ಯ ಬಂತು. ಯಾರಾದರೂ ಬಂದೂಕಿನ ಬಗ್ಗೆ ತಕರಾರು ತೆಗೆದರೆ, ಇರಲಿ ಬಿಡ್ರಿ, ಕದ ಐತಲ್ಲ ಎಂದರು. ಆ ಮಾತು ನಮ್ಮಲ್ಲಿ ಈಗ ಉಸಿರಾಟದಷ್ಟೇ ಸಾಮಾನ್ಯ. ಸೊಸೆಗೆ ಮೈಯಲ್ಲಿ ಹುಷಾರಿಲ್ಲ ಎಂದರೂ ಕೆಲವು ಮುದುಕಿಯರು ಕದ ಐತಲ್ಲ ಎನ್ನುತ್ತಾರೆ.

ಮೂವತ್ತಕ್ಕಿಂತ ಹೆಚ್ಚು ಜನ ಒಂದೆಡೆ ಸೇರಬೇಕೆಂದರೆ ಅದು ಅಂಗಳದಲ್ಲೇ ಆಗಬೇಕು. ಅಂಗಳ ಎಂದರೆ ನಿಮ್ಮ ಮನೆಯ ಮುಂದೆ ರಂಗೋಲಿ ಹಾಕುವ ಜಾಗ ಎಂದುಕೊಳ್ಳಬೇಡಿ. ಎರಡಾಳೆತ್ತರದ ಗೋಡೆ ಕಟ್ಟಿದ, ಒಂದೇ ಕದವಿರುವ ಬಯಲು. ಸಂತೆ, ಶಾಲೆ, ಮದುವೆ ಎಲ್ಲವೂ ಅದರೊಳಗೆ. ಅಂಗಳ ಸಿಗದ ಬಡವರು ಪಾಳಿಯ ಮದುವೆ ಮಾಡುತ್ತಾರೆ. ಮೂವತ್ತು ಜನ ಬಂದು ಅಕ್ಕಿಕಾಳು ಹಾಕಿ ಉಂಡು ಹೋಗುತ್ತಾರೆ, ಮತ್ತೆ ಮೂವತ್ತು ಜನ ಬರುತ್ತಾರೆ. ಮದುಮಗಳು ಸಂಜೆಯವರೆಗೆ ಏಳೆಂಟು ಸಲ ಮದುವೆಯಾಗುತ್ತಾಳೆ. ನನ್ನ ಮದುವೆಯಲ್ಲಿ ಐದನೆಯ ಪಾಳಿಗೆ ಸಾರು ಮುಗಿದು, ಬೀಗರು ಮುಖ ಉಬ್ಬಿಸಿಕೊಂಡು ಹೋದರು. ಕಾಲುಂಗುರ ಹಾಕಿಕೊಳ್ಳುವ ಹಾಗಿಲ್ಲ, ಕದ ಕೂಗುತ್ತದೆ. ಹೆಂಗಸರು ಬೆರಳಿಗೆ ಅರಿಶಿನದ ದಾರ ಸುತ್ತಿಕೊಳ್ಳುತ್ತಾರೆ. ಬುತ್ತಿಯ ಡಬ್ಬಿ ಒಳಗಿದ್ದದ್ದು ಕಾಣುವಂಥದ್ದೇ ಇರಬೇಕು. ಯಾರ ಮನೆಯಲ್ಲಿ ಇವತ್ತು ಬರೀ ರೊಟ್ಟಿ, ಯಾರ ಮನೆಯಲ್ಲಿ ಎಣ್ಣೆಗಾಯಿ ಎಂದು ಊರಿಗೆಲ್ಲ ಗೊತ್ತು.

ಮಕ್ಕಳಿಗೆ ಮೂರನೆಯ ವರ್ಷದಿಂದ ಮಲಗಾಟ ಕಲಿಸುತ್ತಾರೆ. ಗಂಟೆ ಬಾರಿಸಿದ ಕೂಡಲೇ ಇದ್ದಲ್ಲಿಯೇ ಬಿದ್ದು, ಬಾಯಿ ಸ್ವಲ್ಪ ತೆರೆದು, ಕಣ್ಣ ರೆಪ್ಪೆ ಅಲುಗದ ಹಾಗೆ ಸತ್ತಂತೆ ಮಲಗುವುದು. ಚೆನ್ನಾಗಿ ಮಲಗಿದವರಿಗೆ ಬೆಲ್ಲದುಂಡೆ. ನೀಲಿಗೆ ಎಂಟು ವರ್ಷ, ಅವಳಿಗೆ ಒಮ್ಮೆಯೂ ಬೆಲ್ಲದುಂಡೆ ಸಿಕ್ಕಿಲ್ಲ, ನಗು ತಡೆಯಲಾರಳು. ಅವಳ ಹೆತ್ತವರಿಬ್ಬರೂ ಇಲ್ಲ. ಆ ಕಥೆ ಬೇರೊಂದು ಊರಿನ ಬೇರೊಂದು ಕದದ್ದು, ಅದನ್ನು ಬರೆಯಲು ಕೂತರೆ ಈ ಕಡ್ಡಿ ಸಾಲುವುದಿಲ್ಲ. ನನಗೆ ಅವಳು, ಅವಳಿಗೆ ನಾನು.

ಏಳನೆಯ ಅಂಗಳದ ಕದವನ್ನು ನಾನೂ ಮಾಬುಬಿಯೂ ಇಪ್ಪತ್ತೆರಡು ವರ್ಷದಿಂದ ಕಾಯುತ್ತಿದ್ದೆವು. ಅವಳು ಬೆಳಗಿನ ಪಾಳಿ, ನಾನು ಮಧ್ಯಾಹ್ನದ ಪಾಳಿ. ಪಾಳಿ ಬದಲಾಗುವ ಅರ್ಧ ಗಂಟೆ ಇಬ್ಬರೂ ಸೇರಿ ಚಹಾ ಕುಡಿಯುತ್ತಿದ್ದೆವು, ಆ ಅರ್ಧ ಗಂಟೆಯ ಮೇಲೆಯೇ ನನ್ನ ಇಡೀ ದಿನ ನಿಂತಿರುತ್ತಿತ್ತು. ಅವಳಿಗೆ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ರಂಜಾನಿನಲ್ಲಿ ಅವಳ ಸಂಜೆಯ ಖರ್ಜೂರಕ್ಕೆ ನೀಲಿ ಕಾಯುತ್ತಿದ್ದಳು, ನಮ್ಮ ಹಬ್ಬಗಳಿಗೆ ಅವಳೇ ಹೂವು ತರುತ್ತಿದ್ದಳು. ಕದದ ಕಮಾನಿನ ನಡುವೆ ಒಂದು ಕಣ್ಣಿರುತ್ತದೆ, ಬಸ್ಸಿನ ದೀಪದಷ್ಟು ಅಗಲ. ನೊಣದ ಕಣ್ಣಿನ ಹಾಗೆ ಸಾವಿರ ಚುಕ್ಕೆಗಳು ಸೇರಿ ಆದದ್ದು, ಒಂದೊಂದು ಚುಕ್ಕೆ ಒಂದೊಂದು ದಿಕ್ಕಿಗೆ ನೋಡುತ್ತದೆ. ಬಟ್ಟೆಯ ಒಳಗಿನದೂ ಅದಕ್ಕೆ ಕಾಣುತ್ತದೆ. ಬೆಳಗಿನ ಪಾಳಿಯವರು ಮೊದಲು ಒಣ ಅರಿವೆಯಿಂದ ಆ ಕಣ್ಣು ಒರೆಸಿ, ಪುಸ್ತಕದಲ್ಲಿ ‘ಒರೆಸಿದೆ’ ಎಂದು ಬರೆದು ಸಹಿ ಹಾಕಿದ ಮೇಲೆಯೇ ಕದ ತೆರೆಯಬೇಕು.

ಪ್ರತಿ ವರ್ಷ ಆಯುಧಪೂಜೆಗೆ ನಾನು ಕದಕ್ಕೆ ಪೂಜೆ ಮಾಡುತ್ತಿದ್ದೆ. ನಮಗೆ ಅನ್ನ ಹಾಕುವ ವಸ್ತು, ಮಾಡದೆ ಇರಲಾಗುತ್ತದೆಯೇ? ಹಳೆಯ ಕದಕ್ಕೆ ಕಣ್ಣಿನ ಮೇಲೆ ಅಂಗೈಯಗಲದ ಕಬ್ಬಿಣದ ಪಟ್ಟಿ ಇತ್ತು, ಅದೇ ಅದರ ಹಣೆ ಎಂದುಕೊಂಡು ಅಲ್ಲಿ ವಿಭೂತಿ ಎಳೆಯುತ್ತಿದ್ದೆ. ಈ ವರ್ಷ ಹೊಸ ಕದ ಬಂದಿತ್ತು. ಅದಕ್ಕೆ ಹಣೆಯೇ ಇರಲಿಲ್ಲ. ಎಲ್ಲ ಕಡೆ ಒಂದೇ ಸಮ, ನುಣ್ಣಗೆ, ಕಣ್ಣೊಂದೇ ಎದ್ದು ಕಾಣುತ್ತಿತ್ತು. ನವಮಿಯ ಮಧ್ಯಾಹ್ನ ಜನರೆಲ್ಲ ಹೋದ ಮೇಲೆ ಸ್ಟೂಲು ಹಾಕಿಕೊಂಡು ಹತ್ತಿದೆ. ಒಂದು ಗಳಿಗೆ ಕೈ ಹಿಂದೆಗೆಯಿತು. ಆಗ ನಿಮ್ಮ ಸ್ಕೂಟಿಯ ದೀಪ ನೆನಪಾಯಿತು, ಆಯಿ. ದೀಪದ ಮೇಲೆ ಹಚ್ಚಬಹುದಾದರೆ ಕಣ್ಣಿನ ಮೇಲೆ ಏಕೆ ಬಾರದು ಎಂದುಕೊಂಡೆ. ನೀರಲ್ಲಿ ಕಲಸಿದ ವಿಭೂತಿ ತೆಗೆದುಕೊಂಡು ಮೂರು ಗೆರೆ ಎಳೆದೆ, ನಡುವೆ ಕುಂಕುಮ ಇಟ್ಟೆ, ಮಾಬುಬಿ ತಂದಿಟ್ಟು ಹೋಗಿದ್ದ ಚೆಂಡು ಹೂವಿನ ಮಾಲೆ ಹಾಕಿದೆ. ಗೆರೆ ಕಣ್ಣಿನ ಮೇಲರ್ಧ ಆವರಿಸಿತು. ಪೂಜೆಯಾದ ಆಯುಧವನ್ನು ಅಂದು ಯಾರೂ ಮುಟ್ಟುವುದಿಲ್ಲ, ನಿಮಗೆ ಗೊತ್ತಿರುವುದೇ. ಕದ ಮುಚ್ಚಿ ಕೈ ಮುಗಿದು ಮನೆಗೆ ಹೋದೆ. ನಾಳೆ ಬೆಳಿಗ್ಗೆ ಮಾಬುಬಿ ಒರೆಸಿಯೇ ಒರೆಸುತ್ತಾಳೆ ಎಂದು ಮನಸ್ಸಿನಲ್ಲಿ ಇತ್ತು. ಇತ್ತು ಎಂದು ಈಗ ಅನ್ನಿಸುತ್ತಿದೆಯೋ, ಆಗ ನಿಜವಾಗಿಯೂ ಇತ್ತೋ, ಆಣೆ ಮಾಡಿ ಹೇಳಲಾರೆ.

ದಶಮಿಯ ದಿನ ಬನ್ನಿ ಕೊಡಲು ಜನ ಏಳೂವರೆಗೇ ಸಾಲು ಹಚ್ಚಿದ್ದರು. ಆತನೂ ಬಂದ. ಗುಂಡಿಟ್ಟವರ ಹೆಸರು ಬರೆಯುವುದು ನಮ್ಮಲ್ಲಿ ಅಪರಾಧ, ಹಾಗಾಗಿ ಆತ ಎಂದೇ ಬರೆಯುತ್ತೇನೆ. ಬಣ್ಣದ ಕಾರ್ಖಾನೆಯಲ್ಲಿ ಕೆಲಸ, ಇಪ್ಪತ್ತಾರು ವರ್ಷ. ದಿನಾ ನನ್ನ ಕದ ದಾಟುವಾಗ "ಆರಾಮ ಅದೀರಿ ಅಕ್ಕಾರ?" ಎಂದು ಕೇಳುತ್ತಿದ್ದವನು. ಯಾರ ಮೇಲೆ ಸಿಟ್ಟಿತ್ತು, ಏನು ಕಳೆದುಕೊಂಡಿದ್ದ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಂದು ಮೈತುಂಬ ಶಾಲು ಹೊದ್ದಿದ್ದ. ಮಾಬುಬಿಯ ಕೈಗೆ ಬನ್ನಿ ಎಲೆ ಕೊಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ" ಎಂದ. ಅವಳೂ ಹಾಗೇ ಅಂದು ಎಲೆ ತೆಗೆದುಕೊಂಡಳು. ಕದದ ಕಣ್ಣಿಗೆ ಆತನ ಸೊಂಟದಿಂದ ಕೆಳಗೆ ಮಾತ್ರ ಕಂಡಿತು. ಪೂರ್ತಿ ಮಸುಕಾಗಿದ್ದರೆ ಕದ ತಾನೇ ಮುಚ್ಚಿಕೊಂಡು ಕೂಗುತ್ತಿತ್ತು. ಅರ್ಧ ಕಂಡದ್ದರಿಂದ ಅದು ಎಲ್ಲ ಸರಿಯಿದೆ ಎಂದುಕೊಂಡು ಹಸಿರು ದೀಪ ತೋರಿಸಿತು.

ನಾನು ಆಗ ಹೊರಗೆ ಸಾಲಿನಲ್ಲಿದ್ದೆ. ನೀಲಿ ತನ್ನ ಶಾಲೆಯ ಮಕ್ಕಳೊಂದಿಗೆ ಮೊದಲೇ ಒಳಗೆ ಹೋಗಿದ್ದಳು. ಮೊದಲ ಸದ್ದಿಗೇ ಗಂಟೆ ಹೊಡೆಯಿತು. ಅಂಗಳದ ಇನ್ನೂರು ಜನ, ಮುದುಕರು ಮಕ್ಕಳು ಎಲ್ಲರೂ ಕಲಿತ ಪ್ರಕಾರ ನೆಲಕ್ಕೆ ಬಿದ್ದು ಬಾಯಿ ತೆರೆದು ಮಲಗಿದರು. ಆದರೆ ಆತನೂ ಅದೇ ಊರಿನವನು, ಅದೇ ಶಾಲೆಯವನು. ಹದಿಮೂರು ವರ್ಷ ಅದೇ ಗಂಟೆಗೆ ಮಲಗಿದವನು, ಬೆಲ್ಲದುಂಡೆ ತಿಂದವನು. ಮಲಗಿದವರು ಸತ್ತಿಲ್ಲ ಎಂದು ಆತನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಮಲಗಿದವರ ನಡುವೆ ಕಾಲು ತಾಗದ ಹಾಗೆ ಹುಷಾರಾಗಿ ಹೆಜ್ಜೆ ಇಡುತ್ತ ನಡೆದನಂತೆ. ಯಾರೂ ಏಳಲಿಲ್ಲ. ಏಳಬಾರದು ಎಂದೇ ಕಲಿಸಿದ್ದೇವೆ. ಮೊದಲು ಎದ್ದು ಓಡಿದವಳು ನೀಲಿ. ಆಮೇಲೆ ನಾನು ಕೇಳಿದಾಗ, "ಆಯಿ, ನಾವು ಸುಳ್ಳ ಮಲಗೀವಿ ಅಂತ ಅಂವಗ ಗೊತ್ತಿತ್ತು. ಅಂವ ನಮ್ಮ ಮಾರಿ ನೋಡಿ ನಕ್ಕ" ಎಂದಳು. ಅದನ್ನು ಹೇಳುವಾಗ ಅವಳು ಅಳಲಿಲ್ಲ, ನಾನೂ ಅಳಲಿಲ್ಲ.

ಗುಂಡು ಹಾರಿದ ಕೂಡಲೇ ಕದ ಮುಚ್ಚಿಕೊಳ್ಳುತ್ತದೆ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ, ಇದು ನಿಯಮ. ಓಡಿಬರುತ್ತಿದ್ದ ನೀಲಿಯನ್ನು ಕಂಡು ಮಾಬುಬಿ ಕದದ ನಡುವೆ ತಾನೇ ಅಡ್ಡ ನಿಂತಳು. ಕದ ಅವಳ ಎರಡು ಪಕ್ಕೆಲುಬು ಮುರಿಯಿತು, ಆದರೂ ಸರಿಯಲಿಲ್ಲ. ನೀಲಿಯನ್ನು ಸೆರಗಿನಲ್ಲಿ ಅವಚಿಕೊಂಡು ಹೊರಗೆ ನೂಕಿದಳು, ನೀಲಿಯನ್ನು ನೋಡಿ ಎದ್ದು ಬಂದ ಹನ್ನೊಂದು ಮಕ್ಕಳನ್ನೂ ನೂಕಿದಳು. ಅಷ್ಟರಲ್ಲಿ ಕಾವಲಿನವರು ಗೋಡೆಯ ಮೇಲಿನಿಂದ ಆತನನ್ನು ಮುಗಿಸಿದರು. ಎಲ್ಲ ಸೇರಿ ನಾಲ್ಕು ನಿಮಿಷ ಆಗಿರಬಹುದು. ಒಳಗೆ ಹೋದಾಗ ನಾನು ಆತನ ಬಂದೂಕು ನೋಡಿದೆ. ನೆಲದ ಮೇಲೆ ಬಿದ್ದಿತ್ತು. ಅದರ ಹಿಡಿಗೆ ಮೂರು ಗೆರೆ ವಿಭೂತಿ, ಕುಂಕುಮ, ನಳಿಗೆಗೆ ಅಂಟಿಕೊಂಡ ಚೆಂಡು ಹೂವಿನ ಒಂದು ಎಸಳು. ಹಿಂದಿನ ದಿನ ಅವರ ಮನೆಯಲ್ಲಿಯೂ ಆಯುಧಪೂಜೆ ಮಾಡಿದ್ದರು.

ಮುಚ್ಚಿದ ದಿನಗಳು ಮುಗಿಯುವ ಮೊದಲೇ ಮಾಬುಬಿಯನ್ನು ಕರೆದೊಯ್ದರು. ಕಣ್ಣು ಮುಚ್ಚಿ ಆತನನ್ನು ಒಳಗೆ ಬಿಟ್ಟಳು, ಕದ ತೆರೆದು ಹಿಡಿದು ಆತನಿಗೆ ದಾರಿ ಮಾಡಿಟ್ಟಳು, ಬೆಳಿಗ್ಗೆ ಆತನ ಕೈಯಿಂದ ಎಲೆ ತೆಗೆದುಕೊಂಡಳು. ಮೂರು ಕೂಡಿಸಿದರೆ ಸಂಚು. ವಿಭೂತಿ ಮಾಬುಬಿ ಏಕೆ ಹಚ್ಚುತ್ತಾಳೆ ಎಂದು ಯಾರೋ ಕೇಳಿದ್ದಕ್ಕೆ, ನಮಗೆ ಸಂಶಯ ಬಾರದಿರಲಿ ಎಂದೇ ಹಚ್ಚಿದ್ದಾಳೆ ಎಂದು ಕಚೇರಿಯವರು ಅಂದರಂತೆ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಮೊದಲ ದಿನ, ನಾಳೆ ಹೇಳುತ್ತೇನೆ ಎಂದುಕೊಂಡೆ. ಎರಡನೆಯ ದಿನ ನೀಲಿಗೆ ಜ್ವರ ಬಂತು. ಐದನೆಯ ದಿನ ಹಾಲಿನ ಜೊತೆ ಗೋಡೆಯ ಕಿಂಡಿಯಿಂದ ಅವಳ ಶಾಲೆಯ ನೋಟೀಸು ಬಂತು, ಗಂಟೆಯಾದಾಗ ಮಲಗದೆ ಓಡಿದ್ದಕ್ಕೆ ಆರು ವಾರ ಮರುಪಾಠ ಎಂದು. ಅದನ್ನು ಹರಿದು ಹಾಕಿ ಸಿಟ್ಟೆಲ್ಲ ಶಾಲೆಯ ಮೇಲೆ ತೀರಿಸಿಕೊಂಡೆ. ಒಂದು ವಾರ ಕಳೆದ ಮೇಲೆ ಸುಮ್ಮನಿರುವುದು ಒಂದು ರೂಢಿಯ ಹಾಗೆ ಆಯಿತು. ನಾನು ಹೇಡಿ, ಆಯಿ. ಬೇರೆ ಹೆಸರು ಹುಡುಕುವುದು ಬೇಡ.

ಮೊನ್ನೆ ಅವಳನ್ನು ನೋಡಲು ಅನುಮತಿ ಸಿಕ್ಕಿತು. ದಪ್ಪ ಗಾಜಿನ ಆಚೆ ಕುಳಿತಿದ್ದಳು, ಪಕ್ಕೆಗೆ ಪಟ್ಟಿ ಸುತ್ತಿದ್ದರು. ಪಹರೆಯವಳು ದೂರ ಕುಳಿತು ತೂಕಡಿಸುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಮಾಬುಬಿ, "ನೀಲಿ ಉಂಡಳೇನ?" ಎಂದು ಕೇಳಿದಳು. ಹೂಂ ಎಂದೆ. ಆಮೇಲೆ ಅಳು ಒತ್ತರಿಸಿ ಬಂದು, "ಮಾಬೂ, ಅದನ್ನ ಹಚ್ಚಿದಾಕಿ ನಾ" ಎಂದುಬಿಟ್ಟೆ. ಅವಳು ನನ್ನನ್ನೇ ನೋಡಿ, "ನನಗ ಗೊತ್ತಿಲ್ಲೇನ ಹುಚ್ಚಿ? ನಿನ್ನ ಗೆರಿ ನನಗ ಗುರುತು ಸಿಗಂಗಿಲ್ಲೇನು?" ಎಂದಳು. ಆಮೇಲೆ ದನಿ ತಗ್ಗಿಸಿ ಅವಳು ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಬರೆಯುತ್ತೇನೆ. "ಮುಂಜಾನೆ ಅರಿವಿ ಹಿಡಕೊಂಡು ಸ್ಟೂಲ್ ಹತ್ತಿದೆ. ಎಷ್ಟ ಚಂದ ಎಳದಿದ್ದಿ, ನಡುವ ಕುಂಕುಮ. ಒರಸಾಕ ಕೈ ಬರಲಿಲ್ಲ. ನೀ ಭಕ್ತಿಲೆ ಹಚ್ಚಿದ್ದು, ನಾ ಒರಸಿದ್ರ ನೀ ಏನ್ ತಿಳಕೋತಿದ್ದಿ? ಸುತ್ತಲೂ ಅಷ್ಟ ಒರಸಿ ಸಹಿ ಹಾಕಿದೆ. ಮಧ್ಯಾಹ್ನ ನೀ ಬಂದ ಮ್ಯಾಲೆ ನೀನ ಒರಸ್ತಿ ಬಿಡು ಅಂತ."

ಇಪ್ಪತ್ತೆರಡು ವರ್ಷದಲ್ಲಿ ಅವಳು ಮಾಡಿದ ತಪ್ಪು ಅದೊಂದೇ. ನನಗೆ ನೋವಾಗಬಾರದು ಎಂದು ಮಾಡಿದ್ದು. ಅವಳು ಒರೆಸಿದ್ದರೆ ನಾನು ಏನಂದುಕೊಳ್ಳುತ್ತಿದ್ದೆ? ಏನೂ ಇಲ್ಲ. ಅಥವಾ ಒಳಗೊಳಗೆ ಸಣ್ಣದೊಂದು ಮುಳ್ಳು ಆಡುತ್ತಿತ್ತೋ ಏನೋ. ನಿಜ ಹೇಳಬೇಕೆಂದು ಕುಳಿತಿದ್ದೇನಲ್ಲ, ಅದನ್ನೂ ಬರೆದಿದ್ದೇನೆ. ನಾನು ಎದ್ದು ಬರುವಾಗ ಅವಳು ಗಾಜಿಗೆ ಅಂಗೈ ಒತ್ತಿ, "ನೀ ಬಾಯಿ ಬಿಡಬ್ಯಾಡ. ನನಗ ಹಿಂದಿಲ್ಲ ಮುಂದಿಲ್ಲ. ಆ ಕೂಸಿಗೆ ನಿನ್ನ ಬಿಟ್ರ ಯಾರ ಅದಾರ?" ಎಂದಳು. ನಾನು ಅಲ್ಲಿಯೇ ತೀರ್ಮಾನ ಮಾಡಿದೆ. ಆ ಕೂಸಿಗೆ ನನ್ನನ್ನು ಬಿಟ್ಟರೆ ಇರುವವಳು ಗಾಜಿನ ಆಚೆಯೇ ಕುಳಿತಿದ್ದಳು. ಅದು ಅವಳಿಗೆ ಹೊಳೆದಿರಲಿಲ್ಲ.

ನಿನ್ನೆ ನೀಲಿಯನ್ನು ಮಾಬುಬಿಗೆ ಒಪ್ಪಿಸುವ ಕಾಗದ ಬರೆಸಿ ಹೆಬ್ಬೆಟ್ಟು ಒತ್ತಿದ್ದೇನೆ, ಸಹಿಯನ್ನೂ ಮಾಡಿದ್ದೇನೆ. ನಾಳೆ ನಾನು ಹೇಳುವುದು ಇಷ್ಟು. ದಶಮಿಯ ಬೆಳಿಗ್ಗೆ ಮಾಬುಬಿ ಕಣ್ಣು ಪೂರ್ತಿ ಒರೆಸಿ ಸಹಿ ಹಾಕಿ, ನೀರು ತರಲು ಹೋದಳು. ಆಗ ನಾನು ಬಂದು, ಅವಳಿಗೆ ತಿಳಿಸದೆ ವಿಭೂತಿ ಎಳೆದು ಹೋದೆ. ಅಂದರೆ ಅರ್ಧ ನಿಜ, ಅರ್ಧ ಸುಳ್ಳು. ಒರೆಸದೆ ಬಿಟ್ಟಳು ಎಂದು ತಿಳಿದರೆ ಅವಳನ್ನೂ ಬಿಡುವುದಿಲ್ಲ, ಇಬ್ಬರನ್ನೂ ಹಾಕುತ್ತಾರೆ, ನೀಲಿ ಸರಕಾರದ ಮನೆಗೆ ಹೋಗುತ್ತಾಳೆ. ಅಲ್ಲಿ ದಿನಕ್ಕೆ ಮೂರು ಸಲ ಮಲಗಾಟ. ಹಾಗಾಗಿ ಈ ಓಲೆಯನ್ನು ನಾನು ಮೇಜಿನ ಮೇಲೆ ಇಡುವ ಹಾಗಿಲ್ಲ. ಸತ್ತವರಿಗೆ ಸುಳ್ಳು ಬರೆಯಲು ಆಗುವುದಿಲ್ಲ ಎಂದ ಜಾಣರು, ಬದುಕಿರುವವರಿಗಾಗಿ ಸುಳ್ಳು ಹೇಳಬೇಕಾಗಿ ಬರುತ್ತದೆ ಎಂಬುದನ್ನು ಮರೆತಿದ್ದಾರೆ. ಇದನ್ನು ಮನೆಗೆ ಒಯ್ದು ಒಲೆಗೆ ಹಾಕುತ್ತೇನೆ. ಹೊಗೆಯಾಗಿ ನಿಮ್ಮನ್ನು ಮುಟ್ಟಿದರೆ ಮುಟ್ಟಲಿ.

ನಾನು ಹೊರಗೆ ಬರುವಾಗ ನನಗೆ ಎಪ್ಪತ್ತೆರಡು. ನೀಲಿಗೆ ಇಪ್ಪತ್ತೆರಡು, ನಿಮಗಿಂತ ಒಂದು ವರ್ಷ ಚಿಕ್ಕವಳು. ಗುಂಡಿಟ್ಟವನಿಗೆ ನೆರವಾದವಳ ಮೊಮ್ಮಗಳು ಎಂದು ಅವಳ ಹೆಸರಿನ ಮುಂದೆ ಬರೆಯುತ್ತಾರೆ. ಅದನ್ನು ಹೇಗೆ ಹೊತ್ತುಕೊಳ್ಳುತ್ತಾಳೋ. ಆ ಒಂಬತ್ತು ಮನೆಯವರ ಮುಂದೆ ನಾನು ನಾಳೆ ಹಾದು ಹೋಗಬೇಕು.

ಹೇಳಬೇಕಾದದ್ದು ಇನ್ನೊಂದಿದೆ, ಅದಕ್ಕೇ ಮುಖ್ಯವಾಗಿ ನಿಮಗೆ ಬರೆದೆ. ವಿಚಾರಣೆಯ ಪ್ರಶ್ನೆಗಳ ಪಟ್ಟಿಯನ್ನು ಸಾಕ್ಷಿಗಳಿಗೆ ಮೊದಲೇ ಕೊಡುತ್ತಾರೆ. ನಲವತ್ತೆರಡು ಪ್ರಶ್ನೆಗಳಿವೆ. ವಿಭೂತಿ ಎಷ್ಟು ದಪ್ಪ ಇತ್ತು? ಅರಿವೆ ಹತ್ತಿಯದೋ ಬೇರೆಯದೋ? ಸ್ಟೂಲು ಯಾರದು? ಕಣ್ಣಿನ ಎಷ್ಟು ಚುಕ್ಕೆಗಳು ಮುಚ್ಚಿದ್ದವು? ಕದ ಎಷ್ಟು ಹೊತ್ತು ತೆರೆದಿತ್ತು? ನಾನು ಮೂರು ಸಲ ಓದಿದೆ. ಬಂದೂಕು ಆತನ ಮನೆಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಅದರಲ್ಲಿ ಇಲ್ಲ. ಇಲ್ಲಿನ ಗುಮಾಸ್ತನನ್ನು ಕೇಳಿದೆ. ಅವನು ಪಾಪ, ನಾನು ಏನು ಕೇಳುತ್ತಿದ್ದೇನೆಂದೇ ತಿಳಿಯದೆ ನನ್ನ ಮುಖ ನೋಡಿ, "ಅದು ಅವರ ಮನೀದು ಅಲ್ರೀ?" ಎಂದ. ಸುಳ್ಳಾಡುತ್ತಿರಲಿಲ್ಲ. ಅಂಥ ಒಂದು ಪ್ರಶ್ನೆ ಇದೆ ಎಂಬುದೇ ಅವನಿಗೆ ಗೊತ್ತಿಲ್ಲ.

ನಿಮ್ಮಲ್ಲಿ ಆ ಪ್ರಶ್ನೆ ಕೇಳುವವರು ಇನ್ನೂ ಇದ್ದಾರೆ. ಅವರನ್ನು ನೋಡಿ ಜನ ನಗುತ್ತಿರಬಹುದು, ನೀವೂ ನಕ್ಕಿರಬಹುದು. ಮುಂದೊಂದು ದಿನ ನಿಮ್ಮ ಊರಿನಲ್ಲಿ ಯಾರೋ ಎದ್ದು, ಬಂದೂಕು ಇರಲಿ, ಬಾಗಿಲಲ್ಲಿ ಇನ್ನಷ್ಟು ಬಿಗಿಯಾಗಿ ನೋಡಿ ಒಳಗೆ ಬಿಡೋಣ ಎನ್ನುತ್ತಾರೆ. ನಿಮಗೆ ಹೊಸ ಕೋಲು ಕೊಡುತ್ತಾರೆ, ಸಂಬಳವನ್ನೂ ಹೆಚ್ಚಿಸಬಹುದು. ಆಗ ಬಾಗಿಲಲ್ಲಿ ನಿಂತವರು ಮನುಷ್ಯರು ಎಂದು ಅವರಿಗೆ ಹೇಳಿ. ಅವರಿಗೆ ಹಬ್ಬ ಇರುತ್ತದೆ, ಗೆಳತಿ ಇರುತ್ತಾಳೆ, ಗೆಳತಿಯ ಮನಸ್ಸು ನೋಯಿಸಬಾರದು ಎಂಬ ಸಂಕೋಚ ಇರುತ್ತದೆ. ಅದನ್ನೆಲ್ಲ ಒರೆಸಿ ತೆಗೆದ ಮೇಲೆಯೇ ಕದ ಸರಿಯಾಗಿ ಕಾಯುತ್ತದೆ, ಅಷ್ಟರಲ್ಲಿ ಒಳಗೆ ಕಾಯಲು ಏನೂ ಉಳಿದಿರುವುದಿಲ್ಲ.

ನಾಳೆ ನನ್ನ ಸುಳ್ಳು ಹೇಳಿ ಮುಗಿಸಿದ ಮೇಲೆ, ಇನ್ನೇನಾದರೂ ಹೇಳುವುದಿದೆಯೇ ಎಂದು ರೂಢಿಯಂತೆ ಕೇಳುತ್ತಾರೆ. ಎಲ್ಲರೂ ಇಲ್ಲ ಎನ್ನುತ್ತಾರೆ. ನಾನು ನಲವತ್ತಮೂರನೆಯ ಪ್ರಶ್ನೆ ಕೇಳುತ್ತೇನೆ. ಬರೆದುಕೊಳ್ಳುವವನು ಕೈ ತಡೆದು ವಿಚಾರಣೆ ನಡೆಸುವ ದೊಡ್ಡವರ ಮುಖ ನೋಡುತ್ತಾನೆ, ಅವರು ಬೇಡ ಎಂದು ತಲೆ ಅಲ್ಲಾಡಿಸುತ್ತಾರೆ. ಆಯಿ, ನೀವು ಕೇಳಿದರೆ ಬರೆದುಕೊಳ್ಳುತ್ತಾರೆ. ಕೇಳಿ.

ನಿಮ್ಮ ಮೊಮ್ಮಗಳ ಮೊಮ್ಮಗಳು,
ಫಕೀರವ್ವ